ಒಂದು ಕೋಲು, ಎರಡು ವೈರು

ಬ್ಯಾಡಗಿಯ ನಮ್ಮ ಮನೆಯಲ್ಲಿ ಎರಡು ಟಿವಿಗಳಿದ್ದವು. ಬರುತ್ತಿದ್ದದ್ದು ಮಾತ್ರ ಒಂದೇ ಚಾನೆಲ್. ಈ ಮಾತು ಕೇಳಿ ನನ್ನ ಮೊಮ್ಮಗಳು ನಗುತ್ತಾಳೆ. ಒಂದೇ ಚಾನೆಲ್ಲಿಗೆ ಎರಡು ಟಿವಿ ಯಾಕೆ ಅಜ್ಜಿ, ಸೋ ಸಿಲ್ಲಿ, ಅನ್ನುತ್ತಾಳೆ. ಸಿಲ್ಲಿಯೇ ಸರಿ. ಆದರೆ ಆ ಎರಡು ಟಿವಿಗಳ ನಡುವೆ ಪಡಸಾಲೆ ಇತ್ತು. ಪಡಸಾಲೆಯ ಈಚೆ ಕೋಣೆಯಲ್ಲಿ ನನ್ನ ಅಪ್ಪ, ಆಚೆ ಕೋಣೆಯಲ್ಲಿ ಅವನ ತಮ್ಮ, ನಮ್ಮ ಕಾಕಾ. ಒಬ್ಬರಿಗೊಬ್ಬರು ಮಾತು ಬಿಟ್ಟವರು. ಈ ಮನೆಯ ಬಗ್ಗೆ ಬರೆಯಲು ಕೂತಾಗಲೆಲ್ಲ ಅಡುಗೆಮನೆಯನ್ನು ಬರೆದೆ, ಅಟ್ಟವನ್ನು ಬರೆದೆ, ಹಿತ್ತಲಿನ ನುಗ್ಗೆಮರವನ್ನೂ ಬರೆದೆ. ಪಡಸಾಲೆಗೆ ಬರುತ್ತಲೇ ಪೆನ್ನು ಮುಚ್ಚಿ ಎದ್ದುಬಿಡುತ್ತಿದ್ದೆ. ಈಗ ಕಾಕಾನ ಮಗಳು ಗಿರಿಜಾ ಬಂದುಹೋದ ಮೇಲೆ ಬರೆಯದೆ ಬೇರೆ ದಾರಿಯಿಲ್ಲ.

ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ಮುಂದಿನ ಕೋಣೆಯಲ್ಲಿ ಚೀಲಗಳು ತೊಲೆಯವರೆಗೆ ಏರಿರುತ್ತಿದ್ದವು. ಬಂದ ನೆಂಟರು ‘ಎಲ್ಲಾರೂ ಆರಾಮ’ ಎಂದು ಕೇಳುವ ಮೊದಲೇ ಸೀನುತ್ತಿದ್ದರು, ನಾವು ಮನೆಯವರು ಸೀನುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ನನ್ನ ಯೂನಿಫಾರ್ಮಿನಿಂದ ಘಾಟು ಬರುತ್ತದೆ ಎಂದು ಸಿಸ್ಟರಿಗೆ ದೂರು ಕೊಟ್ಟಿದ್ದಳು. ಆ ಕಾನ್ವೆಂಟಿಗೆ ನನ್ನನ್ನು ಸೇರಿಸಿದವನು ಕಾಕಾ. ಅಪ್ಪನಿಗೆ ಅದು ಬೇಕಿರಲಿಲ್ಲ. ಹೆಣ್ಣುಮಗು ದಿನಾ ಹಾವೇರಿಗೆ ಬಸ್ಸಿನಲ್ಲಿ ಹೋಗಿಬರುವುದು ಅವನಿಗೆ ಸುತರಾಂ ಒಪ್ಪಿಗೆಯಿಲ್ಲ. ಕಾಕಾ ಒಂದು ದಿನ ಅಂಗಡಿ ಬಿಟ್ಟು ನನ್ನ ಕೈ ಹಿಡಿದು ಹಾವೇರಿಗೆ ಕರೆದೊಯ್ದ. ಅಡ್ಮಿಶನ್ ಮುಗಿಸಿ, ಸ್ಟ್ಯಾಂಡಿನ ಹತ್ತಿರ ಗಿರಮಿಟ್ಟು ತಿನ್ನಿಸಿ, ಸಂಜೆ ಅಪ್ಪನ ಎದುರು ನಿಲ್ಲಿಸಿ, “ಬೇಬಿ, ಈಗ ಇಂಗ್ಲಿಷ್‌ನ್ಯಾಗ ಬೈ ನಿಮ್ಮಪ್ಪಗ” ಅಂದ. ಮರುವರ್ಷ ಅವನ ಮಗಳು ಗಿರಿಜಾಳ ಸರದಿ ಬರಬೇಕಿತ್ತು. ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು, ಒಂದೇ ಕೌದಿಯಲ್ಲಿ ಮಲಗುತ್ತಿದ್ದವರು ನಾವು. ಅಷ್ಟರಲ್ಲಿ ಅಂಗಡಿಯ ಮುಂದೆ ಇಳಿಸಿದ್ದ ಒಂದು ಲೋಡು ಮೆಣಸಿನಕಾಯಿ ಮಳೆಗೆ ತೊಯ್ದಿತು. ತಾಡಪತ್ರಿ ಹೊದಿಸಬೇಕಾಗಿದ್ದವನು ಅಣ್ಣನೋ ತಮ್ಮನೋ ಎಂಬ ಜಗಳ ಅಂಗಡಿಯಲ್ಲಿ ಶುರುವಾಗಿ ಮನೆಯ ಒಲೆಗೆ ಬಂತು. ಗಿರಿಜಾ ಊರ ಕನ್ನಡ ಶಾಲೆಯಲ್ಲೇ ಉಳಿದಳು.

ಒಲೆ ಎರಡಾಗುವ ದಿನ ನಮ್ಮ ಆಯಿ, ಅಪ್ಪ ಕಾಕಾ ಇಬ್ಬರ ತಾಯಿ, ಅಳಲಿಲ್ಲ. ಮಕ್ಕಳಿಬ್ಬರನ್ನೂ ಪಡಸಾಲೆಯಲ್ಲಿ ನಿಲ್ಲಿಸಿಕೊಂಡು ಹೇಳಿದಳು:

“ಒಲಿ ಎರಡ ಮಾಡ್ಕೋರಿ. ನಿಮ್ಮನ್ನ ಹಿಡದಿಡೂ ಶಕ್ತಿ ನನ್ನ ಕೈಯಾಗಿಲ್ಲ. ಆದ್ರ ತಲಬಾಗಿಲಾ ಒಂದ, ರಂಗೋಲಿ ಒಂದ. ಹಾದ್ಯಾಗ ಹೋಗಾವರಿಗೆ ಈ ಮನಿ ಒಡದೈತಿ ಅಂತ ಗೊತ್ತಾಗಬಾರದು.”

ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ತಾನು ಕಣ್ಣು ಮುಚ್ಚುವವರೆಗೆ ಮನೆ ಹೊರಗಿನಿಂದಾದರೂ ಒಂದಾಗಿ ಕಾಣಬೇಕು. ಮಕ್ಕಳು ಒಪ್ಪಿದರು. ಬೆಳಗ್ಗೆ ಎರಡು ಕಡೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು; ಆಯಿ ಮಧ್ಯಾಹ್ನ ನಮ್ಮಲ್ಲಿ, ಸಂಜೆ ಅವರಲ್ಲಿ ಉಣ್ಣುತ್ತಿದ್ದಳು. ಅಪ್ಪ ಟಿವಿ ತಂದ, ಬಾಗಿಲು ಸರಿಸಿ ಮುಚ್ಚುವಂಥ ಮರದ ಪೆಟ್ಟಿಗೆಯದು. ತಿಂಗಳು ತುಂಬುವುದರೊಳಗೆ ಕಾಕಾನೂ ಅಂಥದೇ ತಂದ. ಆಂಟೆನಾ ಏರಿಸಲು ಅವನು ಎರಡನೆಯ ಪೈಪು ತರಿಸಿದಾಗ ಆಯಿ ಮಾಳಿಗೆಯ ಮೆಟ್ಟಿಲಿಗೆ ಅಡ್ಡ ಕುಳಿತಳು.

“ಮಾಳಿಗಿ ಮ್ಯಾಲೆ ಎರಡ ಕೋಲ ಎದ್ದರ ಓಣಿಗೆಲ್ಲಾ ಡಂಗುರಾ ಸಾರಿಧಂಗ. ನಾ ಸತ್ತ ಮ್ಯಾಲೆ ಏರಸ್ರಿ.”

ಹಾಗಾಗಿ ಕೋಲು ಒಂದೇ ಉಳಿಯಿತು. ಅದರ ವೈರು ಪಡಸಾಲೆಯ ಬೆಳಕಿಂಡಿಯಿಂದ ಇಳಿದು, ಅಲ್ಲಿ ಒಂದು ಮೊಳೆಯ ಹತ್ತಿರ ಎರಡಾಗಿ, ಒಂದು ನಮ್ಮ ಬಾಗಿಲ ಮೇಲಿಂದ, ಇನ್ನೊಂದು ಅವರ ಬಾಗಿಲ ಮೇಲಿಂದ ಒಳಗೆ ಹೋಗುತ್ತಿತ್ತು. ಕಾಕಾನ ಪೈಪು ಹಿತ್ತಲಲ್ಲಿ ಬಿದ್ದಿತ್ತು. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಅದನ್ನು ಎರಡು ಗೂಟಗಳ ಮೇಲಿಟ್ಟು ಬಟ್ಟೆ ಒಣಹಾಕಿದಳು. ಎಲ್ಲಿಂದಲೋ ಬಸವಳಿದು ಬರುತ್ತಿದ್ದ ಸಿಗ್ನಲ್ಲು ಆ ಮೊಳೆಯ ಹತ್ತಿರ ಪಾಲಾಗಿ ಇಬ್ಬರಿಗೂ ಅರೆಬರೆ ದಕ್ಕುತ್ತಿತ್ತು. ಪರದೆಯ ತುಂಬ ಮಂಡಕ್ಕಿ ಸುರಿದಂತೆ ಚುಕ್ಕಿ, ಅದರ ಹಿಂದೆ ಯಾರೋ ಓಡಾಡಿದಂತೆ. ಒಬ್ಬರು ವೈರು ಕಿತ್ತರೆ ಇನ್ನೊಬ್ಬರಿಗೆ ಚೊಕ್ಕ ಬರುತ್ತದೆಂದು ರೇಡಿಯೋ ರಿಪೇರಿಯವನು ಹೇಳಿ ಹೋಗಿದ್ದ. ಯಾರು ಕೀಳುತ್ತಾರೆ?

ಗಾಳಿ ಬೀಸಿ ಕೋಲು ತಿರುಗಿದಾಗ ಅಪ್ಪ ಮಾಳಿಗೆ ಏರುತ್ತಿದ್ದ. ಅಂಗಡಿಯಲ್ಲಿ ಕೆಳಗೆ ನಿಂತು ಆಳುಗಳನ್ನು ಚೀಲದ ಮೇಲೆ ಹತ್ತಿಸುತ್ತಿದ್ದ ಮನುಷ್ಯ ಪಂಚೆ ಎತ್ತಿ ಕಟ್ಟಿ ತಾನೇ ಏರುತ್ತಿದ್ದ. ಬೆಳಕಿಂಡಿಯ ಕೆಳಗೆ ನಾನು. ಇಬ್ಬರ ಟಿವಿಯೂ ಸರಿಹೋಗಬೇಕಲ್ಲ, ಕೋಣೆಯ ಬಾಗಿಲಲ್ಲಿ ಕಾಕಾ. ಅಣ್ಣ ತಮ್ಮ ಒಬ್ಬರ ದನಿ ಒಬ್ಬರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು, ಆದರೂ ಮಾತು ನನ್ನ ಬಾಯಿಂದಲೇ ದಾಟಬೇಕು.

“ಬೇಬಿ, ನಿಮ್ಮ ಕಾಕಾಗ ಕೇಳ, ಬಂತೇನಂತ.”

“ಕಾಕಾ, ಬಂತೇನಂತ.”

“ನಿಮ್ಮಪ್ಪಗ ಹೇಳ, ಮನಷ್ಯಾ ಬಂದಾನ, ಮುಖ ಬಂದಿಲ್ಲ.”

“ಅಪ್ಪಾ, ಮನಷ್ಯಾ ಬಂದಾನಂತ, ಮುಖ ಬಂದಿಲ್ಲಂತ.”

“ಮುಖ ತೋರಸಾಕ ನಾಚಿಕಿ ಇದ್ದೀತು. ತಾಡಪತ್ರಿ ಹೊಚ್ಚಿಕೊಂಡಾನೇನ ಕೇಳ.”

ಇದನ್ನು ದಾಟಿಸಬೇಕೋ ಬಿಡಬೇಕೋ ತಿಳಿಯದೆ ನಾನು ಆಯಿಯ ಮುಖ ನೋಡುತ್ತಿದ್ದೆ. ಎಲೆಗೆ ಸುಣ್ಣ ಹಚ್ಚುತ್ತ ಆಯಿ ಅನ್ನುತ್ತಿದ್ದಳು: “ಒಬ್ಬರ ಮುಖಾ ಒಬ್ಬರು ನೋಡವಲ್ರಿ, ಟೀವ್ಯಾಗಿನಾಂವ ಯಾಕ ತೋರಸ್ತಾನ ಬಿಡ್ರೆಪಾ.” ಮಾಳಿಗೆಯಲ್ಲಿ ಅಪ್ಪ, ಬಾಗಿಲಲ್ಲಿ ಕಾಕಾ, ಇಬ್ಬರೂ ನಗು ತಡೆದು ಕೆಮ್ಮುವುದು ಒಟ್ಟಿಗೇ ಕೇಳಿಸುತ್ತಿತ್ತು.

ಆಯಿ ಕೂರುತ್ತಿದ್ದದ್ದು ಎರಡು ಬಾಗಿಲುಗಳ ನಡುವೆ, ಕಂಬಕ್ಕೆ ಒರಗಿ. ಒಳಗೆ ಬಾ ಎಂದು ಎರಡೂ ಕಡೆ ಕರೆಯುತ್ತಿದ್ದರು. ಯಾರ ಕೋಣೆಯಲ್ಲಿ ಕೂತರೂ ಅದೊಂದು ತೀರ್ಪಾಗುತ್ತದೆಂದು ಅವಳು ಎಲ್ಲಿಗೂ ಹೋಗಲಿಲ್ಲ. ಅಲ್ಲಿಂದ ಯಾವ ಪರದೆಯೂ ಕಾಣುತ್ತಿರಲಿಲ್ಲ, ಒಂದೇ ದನಿ ಎರಡು ಕಿವಿಗೆ ಎರಡು ಬಾಗಿಲಿಂದ ಬೀಳುತ್ತಿತ್ತು. ಹಾಲು ಕೊಡಲು ಹೋದಾಗ ನಾನೂ ಒಂದು ಕ್ಷಣ ಅಲ್ಲಿ ನಿಂತು ಆ ಜೋಡಿ ದನಿಯನ್ನು ಕೇಳುತ್ತಿದ್ದೆ. ಖರೇ ಹೇಳಬೇಕೆಂದರೆ ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಮನೆ ಒಡೆದಿದ್ದರಿಂದ ನಮ್ಮ ಕೋಣೆಗೊಂದು ಟಿವಿ ಬಂದಿತ್ತು. ಅದರ ಮುಂದೆ ನಾನೊಬ್ಬಳೇ ಮಗು. ಅಣ್ಣ ತಮ್ಮ ಮತ್ತೆ ಒಂದಾಗಲಿ ಎಂದು ಅವ್ವ ಸೋಮವಾರ ಉಪವಾಸ ಹಿಡಿದಿದ್ದಳು. ಒಂದಾದರೆ ಒಂದು ಟಿವಿ ಮಾರಿಬಿಡುತ್ತಾರೇನೋ ಎಂಬ ಹೆದರಿಕೆಯಲ್ಲಿ ನಾನು ಅವಳ ಜೊತೆ ಕೈ ಮುಗಿದರೂ ಏನನ್ನೂ ಬೇಡುತ್ತಿರಲಿಲ್ಲ.

ನೈನ್ತ್ ಸ್ಟ್ಯಾಂಡರ್ಡಿನಲ್ಲಿ ಹೊಸ ಸಿಸ್ಟರ್ ಬಂದರು. ದಿನಾ ರಾತ್ರಿ ಇಂಗ್ಲಿಷ್ ನ್ಯೂಸ್ ನೋಡಿ, ಬೆಳಗ್ಗೆ ಅಸೆಂಬ್ಲಿಯಲ್ಲಿ ಒಬ್ಬೊಬ್ಬರು ಹೆಡ್‌ಲೈನ್ಸ್ ಹೇಳಬೇಕೆಂದು ಅವರ ಆರ್ಡರ್. ನನ್ನ ಸರದಿಯಲ್ಲಿ ನಾನು ‘ಪಾರ್ಲಿಮೆಂಟ್’ ಅನ್ನುವುದನ್ನು ಹೇಗೆ ಅಂದೆನೋ, ಮೈದಾನವೆಲ್ಲ ನಕ್ಕಿತು. ಸಿಸ್ಟರ್ ನಗಲಿಲ್ಲ. ಗಲ್ಲ ಹಿಡಿದು ಹೇಳಿದರು, “ವಾಚ್ ಹರ್ ಲಿಪ್ಸ್, ಚೈಲ್ಡ್. ಕಿವಿಯಿಂದ ಕಲಿಯಬೇಡ, ನ್ಯೂಸ್ ರೀಡರಿನ ತುಟಿ ನೋಡು.” ನಮ್ಮ ಟಿವಿಯಲ್ಲಿ ತುಟಿ ಎಲ್ಲಿ ಬಂತು? ಅಂದು ರಾತ್ರಿ ಪರದೆಗೆ ಮೂಗು ಹಚ್ಚಿ ನೋಡಿದೆ, ಬರೀ ಮಂಡಕ್ಕಿ. ಪಡಸಾಲೆಗೆ ಬಂದು ಆಯಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತೆ.

“ತುಟಿನ ಕಾಣವಲ್ದು ಆಯೀ. ನಾ ಇನ್ನ ಸಾಲಿಗೆ ಹೋಗೂದಿಲ್ಲ.”

“ಯಾರ ತುಟಿನಬೇ?”

“ಇಂಗ್ಲಿಷ್ ಹೇಳಾಕೀದು.”

ಕಾಕಾನ ಬಾಗಿಲು ಅರ್ಧ ತೆರೆದಿತ್ತು. ಅದು ನನಗೆ ನೆನಪಿದೆ.

ಮರುದಿನ ರಾತ್ರಿ ಟಿವಿ ಹಚ್ಚಿದರೆ ತುಟಿ ಬಂತು. ತುಟಿ, ಹಲ್ಲು, ಕುತ್ತಿಗೆಯ ಸರದ ಒಂದೊಂದು ಮಣಿ. ಅಪ್ಪ ಮುಂಜಾನೆ ಕೋಲನ್ನು ಚೂರು ತಿರುವಿ ಬಂದಿದ್ದ, ಮೀಸೆಯ ಮೇಲೆ ಕೈಯಾಡಿಸಿ, “ಕೈಯಾಗ ಕಸಬು ಇರಬೇಕು” ಅಂದ. ಅಂದಿನಿಂದ ನಾನು ಪರದೆಯ ಮುಂದೆ ಚಾಪೆ ಹಾಸಿ, ಕೈಯಲ್ಲಿ ಅವ್ವನ ಕನ್ನಡಿ ಹಿಡಿದು, ಆಕೆ ಬಾಯಿ ತೆರೆದಂತೆ ಬಾಯಿ ತೆರೆದೆ, ಮುಚ್ಚಿದಂತೆ ಮುಚ್ಚಿದೆ. ವರ್ಷ ಕಳೆಯುವುದರೊಳಗೆ ಅಸೆಂಬ್ಲಿಯಲ್ಲಿ ನನ್ನದೇ ದನಿ. ಎಲೊಕ್ಯೂಷನ್ ಸ್ಪರ್ಧೆಯಲ್ಲಿ ಗೆದ್ದ ಕಪ್, ಆಮೇಲೆ ಕಾಲೇಜು, ಆಮೇಲೆ ಇದೇ ಇಂಗ್ಲಿಷನ್ನು ರಾಣೆಬೆನ್ನೂರಿನ ಮಕ್ಕಳಿಗೆ ಹೇಳಿಕೊಟ್ಟು ಉಂಡದ್ದು, ಮಗನನ್ನು ಓದಿಸಿದ್ದು, ಮನೆ ಕಟ್ಟಿದ್ದು. ನನ್ನ ಬದುಕಿನ ಬುಡ ಆ ತುಟಿಯಲ್ಲಿದೆ.

ಹಾಗಾದರೆ ಆಚೆ ಕೋಣೆಯ ಬದಲಾವಣೆಗಳು ನನಗೆ ಕಾಣಲಿಲ್ಲವೆ? ಕಂಡಿದ್ದವು. ಗಾಳಿಗೆ ಕೋಲು ತಿರುಗಿದಾಗ ಅಪ್ಪ ಮೇಲಿಂದ ಕೇಳುತ್ತಿದ್ದ. ಕಾಕಾ ಈಗ ಮುಖ, ಮೂಗು ಎಂದು ತಕರಾರು ತೆಗೆಯದೆ, ನಮ್ಮ ಟಿವಿಯ ದನಿ ಕೇಳಿಸಿದ ಕೂಡಲೇ, “ಬಂತಂತ ಹೇಳ” ಅಂದುಬಿಡುತ್ತಿದ್ದ. “ಈಗ ದಾರಿಗೆ ಬಂದಾನ” ಅಂತ ಅಪ್ಪ. ಭಾನುವಾರದ ಸಿನಿಮಾದಲ್ಲಿ ಕಾಮಿಡಿ ಬಂದರೆ ನಾವು ನಗುತ್ತಿದ್ದೆವು, ಆಚೆ ಕೋಣೆಯಲ್ಲಿ ಅವರೂ ನಗುತ್ತಿದ್ದರು, ಆದರೆ ಒಂದು ಉಸಿರು ತಡವಾಗಿ. ಮಾತಿಲ್ಲದೆ ಬರೀ ಬಾಳೆಹಣ್ಣಿನ ಸಿಪ್ಪೆಗೆ ಜಾರಿ ಬೀಳುವ ಕಡೆ ಇನ್ನೂ ತಡ. ಅವರ ಬಾಗಿಲ ಕೆಳಗೆ ಪರದೆಯ ನೀಲಿ ಬೆಳಕು ಎಂದಿನಂತೆ ಅಲುಗುತ್ತಿತ್ತು. ಆದರೆ ಹಾಲಿನ ಲೋಟ ಹಿಡಿದು ಪಡಸಾಲೆಯಲ್ಲಿ ನಿಂತಾಗ ಜೋಡಿ ದನಿ ಇರಲಿಲ್ಲ, ದನಿ ಒಂದೇ ಬಾಗಿಲಿಂದ ಬರುತ್ತಿತ್ತು. ಚಿಗವ್ವ ಬಾಗಿಲಿಗೆ ದಪ್ಪ ಪರದೆ ಹಾಕಿರಬೇಕು ಎಂದುಕೊಂಡೆ. ಪರದೆ ಹಾಕಿದ್ದಾಳೆಯೇ ಎಂದು ಕತ್ತೆತ್ತಿ ನೋಡಲಿಲ್ಲ. ಅವ್ವ ಅದೇ ದಿನಗಳಲ್ಲಿ ಟಿವಿಯ ದನಿ ಏರಿಸತೊಡಗಿದಳು. “ಏನ್ ಕಿವುಡರ ಮನಿಯೇನಿದು?” ಎಂದು ಅಪ್ಪ ರೇಗಿದರೆ, “ಅತ್ತೀಗೆ ಕೇಳಸವಲ್ದಂತ” ಎಂದು ಇನ್ನೊಂದು ಚೂರು ಏರಿಸುತ್ತಿದ್ದಳು. ಆಯಿಯ ಕಿವಿಗೆ ಇರುವೆ ನಡೆದರೂ ಕೇಳಿಸುತ್ತಿತ್ತು.

ಗಿರಿಜಾ ಬೆಳಗ್ಗೆ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಸಿಕ್ಕಾಗ ವಿಚಿತ್ರವಾದ ಪ್ರಶ್ನೆ ಕೇಳುತ್ತಿದ್ದಳು.

“ಬೇಬಕ್ಕ, ನಿನ್ನಿ ಸಿನಿಮಾದಾಗ ಆಕಿ ಹಾಡ ಹಾಡುಮುಂದ ಜಡಿ ಹಾಕಿದ್ದಳೋ, ತುರುಬೋ?”

“ನೀವೂ ನೋಡೀರಲ್ಲ. ಕಣ್ಣ ಎಲ್ಲಿಟ್ಟಿದ್ದಿ?”

“ನಿದ್ದಿ ಹತ್ತಿತ್ತಬೇ.”

“ದಿನಾ ನಿದ್ದಿ ನಿನಗ. ಯೂ ಆರ್ ಅ ಡಲ್ ಗರ್ಲ್, ಗಿರಿಜಾ.”

ಅವಳು ಆ ಇಂಗ್ಲಿಷಿಗೆ ನಗುತ್ತಿದ್ದಳು, ಮತ್ತೊಮ್ಮೆ ಹೇಳು ಅನ್ನುತ್ತಿದ್ದಳು. ನಾನು ಮತ್ತೊಮ್ಮೆ ಹೇಳುತ್ತಿದ್ದೆ, ತುಟಿಯನ್ನು ಸರಿಯಾಗಿ ಹಿಡಿದು.

ನಾನು ಕಾಲೇಜಿನಲ್ಲಿದ್ದಾಗ ಆಯಿ ಹೋದಳು. ಮರುವರ್ಷ ಮಾಳಿಗೆಯ ಮೇಲೆ ಎರಡನೆಯ ಕೋಲು ಎದ್ದಿತು, ಹಿತ್ತಲಲ್ಲಿ ಬಟ್ಟೆ ಒಣಗಿಸಿ ತುಕ್ಕು ಹಿಡಿದ ಅದೇ ಪೈಪು. ಗಿರಿಜಾಳನ್ನು ಕುಮಾರಪಟ್ಟಣದ ಕಡೆ ಕೊಟ್ಟರು. ಅಪ್ಪ, ಕಾಕಾ ಮುದುಕರಾದ ಮೇಲೆ ಮಾತಾಡಿದರು, ಮೆಣಸಿನಕಾಯಿಯ ರೇಟಿನ ಬಗ್ಗೆ ಮಾತ್ರ. ಈಗ ಇಬ್ಬರೂ ಇಲ್ಲ.

ಕಳೆದ ತಿಂಗಳು ಗಿರಿಜಾ ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಾಣೆಬೆನ್ನೂರಿಗೆ ಬಂದು ನಮ್ಮಲ್ಲೇ ಉಳಿದಳು. ನಮ್ಮ ಮನೆಯಲ್ಲೂ ಈಗ ಕೋಣೆಗೊಂದು ಟಿವಿ. ಮೇಲೆ ಮಗನ ಕೋಣೆಯಲ್ಲಿ, ನನ್ನ ಕೋಣೆಯಲ್ಲಿ, ಪಕ್ಕದ ಗೆಸ್ಟ್ ರೂಮಿನಲ್ಲಿ. ಎಲ್ಲಕ್ಕೂ ಮಗ ಹಾಕಿಸಿದ ಒಂದೇ ಅಕೌಂಟು. ಸಿನಿಮಾ, ಸೀರಿಯಲ್, ಎಲ್ಲ ಅದರಲ್ಲೇ. ಆದರೆ ಒಂದು ಹೊತ್ತಿಗೆ ಎರಡು ಕಡೆ ಮಾತ್ರ ನಡೆಯುತ್ತದೆ, ಮೂರನೆಯವರು ಹಚ್ಚಿದರೆ ‘ಬೇರೆ ಸ್ಕ್ರೀನ್ ಬಂದ್ ಮಾಡಿ’ ಎಂದು ಬರೆದು ನಿಲ್ಲುತ್ತದೆ. ಆಪರೇಷನ್ ಆದ ಮಧ್ಯಾಹ್ನ ಗಿರಿಜಾ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಳು. ಇನ್ನೊಂದು ಕಣ್ಣೂ ಮಂಜು. ಅವಳ ಸೀರಿಯಲ್ಲಿನ ಹೊತ್ತಾಗಿತ್ತು.

“ಕಣ್ಣಿಗೆ ಸ್ಟ್ರೇನ್ ಮಾಡಬ್ಯಾಡ. ಇವತ್ತೊಂದಿನ ಬಿಡ,” ಅಂದೆ.

“ಹಚ್ಚಬೇ. ಕೇಳಿದ್ರ ಸಾಕು. ನನಗ ಕೇಳೇ ನೋಡೂ ರೂಢಿ ಐತಿ.”

“ಯಾವಾಗಿನ ರೂಢಿ?”

ಅವಳು ಪಟ್ಟಿಯಿಲ್ಲದ ಕಣ್ಣನ್ನು ನನ್ನ ಕಡೆ ತಿರುಗಿಸಿದಳು. “ಅಯ್ಯ, ನಿನಗ ಗೊತ್ತಿಲ್ಲೇನ? ದೊಡ್ಡವ್ವ... ನಿಮ್ಮವ್ವ ಹೇಳಿದ್ದಾಳು ಅನಕೊಂಡಿದ್ದೆ.”

ಆಮೇಲೆ ಹೇಳಿದಳು, ಹಳೆಯ ನೆಂಟರ ಸುದ್ದಿ ಹೇಳುವಂತೆ, ಸಲೀಸಾಗಿ. ನಾನು ತುಟಿಗಾಗಿ ಅತ್ತ ಮರುದಿನ, ಅಪ್ಪ ಅಂಗಡಿಗೆ ಹೋದ ಮೇಲೆ, ಕಾಕಾ ಪಡಸಾಲೆಯಲ್ಲಿ ಸ್ಟೂಲು ಹಾಕಿ ಹತ್ತಿದನಂತೆ. ಮೊಳೆಯ ಹತ್ತಿರದ ಗಂಟು ಬಿಚ್ಚಿ ತನ್ನ ವೈರು ಬಿಡಿಸಿ, ಬಿಚ್ಚಿದ್ದು ಕಾಣದಂತೆ ಮಡಚಿ ಅದೇ ಮೊಳೆಗೆ ಸಿಕ್ಕಿಸಿದನಂತೆ. ಸ್ಟೂಲು ಹಿಡಿದುಕೊಂಡವಳು ಆಯಿ.

“‘ಆ ಹುಡುಗಿ ತುಟಿ ಕಾಣವಲ್ದಂತ ಅಳಾಕತ್ತೈತಿ, ನಾವು ನೋಡಿ ಏನ್ ಡಿಸಿ ಆಗೂದೈತಿ?’ ಅಂದ ನಮ್ಮಪ್ಪ. ಅವ್ವ ಬೈದಳು ಮೊದಲ. ಆಮ್ಯಾಲೆ ಆಕೀನ ಹೇಳಿದಳು, ಬಂದ್ ಮಾಡಿ ಕುಂತ್ರ ನಿಮ್ಮ ಅಣ್ಣಾವರಿಗೆ ಗೊತ್ತಾಗ್ತದ, ಅವರ ಮಾನಕ್ಕ ಬಿದ್ದು ತಾವೂ ಕಿತ್ತ ಒಗೀತಾರ, ಹಚ್ಚೇ ಇಡ್ರಿ ಅಂತ. ದನಿ ಬಂದ್ ಮಾಡಿ ಬರೇ ಚುಕ್ಕಿ ಹಚ್ಚಿಟ್ಟು ಕುಂದರ್ತಿದ್ವಿ. ನೀವು ನಕ್ಕಾಗ ನಗೂದು. ನಮ್ಮಪ್ಪ ಭಾಳ ಜೋರ ನಗತಿದ್ದ, ಅದಕ್ಕ ನಮಗ ಖರೇನ ನಗಿ ಬರತಿತ್ತು.”

ನಾನು ಕೇಳಿದ್ದು ಒಂದೇ. “ಸಿಟ್ಟ ಬರಲಿಲ್ಲೇನ ನಿನಗ?”

“ಬರದೇನ ಇರತೈತಿ? ಹುಡುಗಿ ಇದ್ದೆ. ಜಡೀನೋ ತುರುಬೋ ಅಂದ್ರ ಸುದ್ದಾ ಹೇಳತಿರಲಿಲ್ಲ ನೀ, ಡಲ್ ಗರಲ್ ಅಂತಿದ್ದಿ.” ಅವಳು ನಕ್ಕಳು. ಆ ಎರಡು ಪದಗಳು ಅವಳಿಗೆ ಇನ್ನೂ ಬಾಯಿಪಾಠ. “ಈಗರೆ ಹೇಳ. ಜಡೀನೋ, ತುರುಬೋ?”

ಯಾವ ಸಿನಿಮಾ, ಯಾವ ಹಾಡು, ನನಗೆ ಒಂದೂ ನೆನಪಿರಲಿಲ್ಲ. “ಜಡಿ,” ಅಂದೆ. “ಮಲ್ಲಿಗಿ ಮುಡಿದಿದ್ದಳು.”

“ನಾನೂ ಜಡೀನ ಅನಕೊಂಡಿದ್ದೆ,” ಎಂದು ಅವಳು ಸಮಾಧಾನದಿಂದ ಕಣ್ಣು ಮುಚ್ಚಿದಳು.

ಅಪ್ಪನನ್ನೂ ನನ್ನನ್ನೂ ಬಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಯಿಗೆ, ಅವ್ವನಿಗೆ, ಚಿಗವ್ವನಿಗೆ. ಆ ಚೊಕ್ಕ ಚಿತ್ರದಿಂದ ಲಾಭವಾದವರು ನಾವಿಬ್ಬರೇ, ಗೊತ್ತಾಗದೆ ಉಳಿದವರೂ ನಾವಿಬ್ಬರೇ. ದಿನಾ ಹಾಲಿನ ಲೋಟ ಹಿಡಿದು ಆ ಮೊಳೆಯ ಕೆಳಗೇ ನಿಲ್ಲುತ್ತಿದ್ದೆ. ಇಷ್ಟೆಲ್ಲ ಬರೆದ ಮೇಲೂ ಈ ಹಾಳೆಗಳ ತುಂಬ ಇಂಗ್ಲಿಷ್ ಚೆಲ್ಲಿದ್ದೇನೆ, ರೂಢಿ ಬಿಡಲಾಗದು. ಒಂದೊಂದನ್ನು ಬರೆಯುವಾಗಲೂ ಈಗ ಗೋಡೆಯಾಚೆ ಬರೀ ಚುಕ್ಕಿಯ ಮುಂದೆ ಕೂತ ಮೂವರು ಕಾಣುತ್ತಾರೆ.

ಅಂದು ಸಂಜೆ ಮೇಲೆ ಮೊಮ್ಮಗಳು ಕಾರ್ಟೂನ್ ಹಚ್ಚಿದ್ದಳು. ನಾನು ನನ್ನ ಕೋಣೆಯಲ್ಲಿ ಹಳೆಯ ಸಿನಿಮಾ ಒಂದನ್ನು ನೋಡುತ್ತಿದ್ದೆ. ಪಕ್ಕದ ಕೋಣೆಯಿಂದ ಗಿರಿಜಾ ತನ್ನ ಟಿವಿಗೆ ಗೊಣಗುವುದು ಕೇಳಿಸಿತು: “ಏನ ಬರದೈತಿ ಇದು, ಬರವಲ್ದಲ್ಲ.” ನಾನು ತಕ್ಷಣ ನನ್ನ ಸಿನಿಮಾ ನಿಲ್ಲಿಸಿ ಅಕೌಂಟಿನಿಂದ ಹೊರಬಂದೆ. ಖಾಲಿ ಪರದೆಯ ನೀಲಿ ಬೆಳಕು ಮಾತ್ರ ಉಳಿಯಿತು. ಆಚೆ ಅವಳ ಸೀರಿಯಲ್ ಶುರುವಾಯಿತು. ಅತ್ತೆ ಸೊಸೆಯರ ಜಗಳ, ಪಾತ್ರೆ ಬಿದ್ದ ಸಪ್ಪಳ, ನಡುವೆ ಯಾರೋ ತೊದಲುವ ಮಾವ. ಗೋಡೆಗೆ ಕಿವಿ ಕೊಟ್ಟು ಕೂತೆ. ಕೇಳಿ ನೋಡುವುದು ಎಷ್ಟು ಕಷ್ಟ! ಯಾರು ಬಂದರು, ಯಾರು ಹೋದರು ಒಂದೂ ತಿಳಿಯದು.

“ಬೇಬಕ್ಕ,” ಗೋಡೆಯಾಚೆಯಿಂದ ಗಿರಿಜಾ ಕೂಗಿದಳು. “ನೀನೂ ಇದನ್ನ ನೋಡಾಕತ್ತೀಯೇನ?”

“ಹೂನಬೇ, ಇದನ್ನ ನೋಡಾಕತ್ತೀನಿ.”

ಆಮೇಲೆ ಏನೋ ಆಯಿತು, ಮಾತಿಲ್ಲದ್ದು. ಗಿರಿಜಾ ಗೊಳ್ಳೆಂದು ನಕ್ಕಳು. ನಾನೂ ನಕ್ಕೆ, ಅವಳಿಗೆ ಕೇಳಿಸುವಷ್ಟು ಜೋರಾಗಿ.

ಆಚೆ ಕೋಣೆಯಲ್ಲಿ ಸೀರಿಯಲ್ಲಿನ ದನಿ ಸಣ್ಣದಾಯಿತು.

“ನಗೂದು ತಡಾ ಆತು, ಬೇಬಕ್ಕ,” ಅಂದಳು ಗಿರಿಜಾ.